ಚೆನ್ನಮ್ಮ ಒಬ್ಬಳಲ್ಲ, ಇಬ್ಬರು!

ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ಕುದುರೆ ಮೇಲೆ ಕುಂತ ರಾಣಿಯನ್ನು ನಾವೆಲ್ಲ ನೋಡೇವಿ. ಆಕೆ ಕಿತ್ತೂರು ಚೆನ್ನಮ್ಮ. ಅದೇ ಹೆಸರಿನ ಇನ್ನೊಬ್ಬ ರಾಣಿಯೂ ಇದ್ದಳು, ಕೆಳದಿ ಚೆನ್ನಮ್ಮ. ಹೋದ ವರ್ಷ ರಾಜ್ಯೋತ್ಸವದ ಭಾಷಣದಲ್ಲಿ ನಾನು 'ಕಿತ್ತೂರು ಚೆನ್ನಮ್ಮ ಔರಂಗಜೇಬನ ದಂಡನ್ನು ಎದುರಿಸಿದಳು' ಅಂದುಬಿಟ್ಟೆ. ಎಲ್ಲಾರೂ ಜೋರಾಗಿ ಚಪ್ಪಾಳೆ ಹೊಡೆದರು! ತಪ್ಪು ಅಂತ ಗೊತ್ತಾದದ್ದು ಮನೆಗೆ ಹೋಗಿ ಪುಸ್ತಕ ತೆಗೆದ ಮೇಲೆ. ಅದಕ್ಕೇ ಈ ಬರಹ.

ಔರಂಗಜೇಬನ ದಂಡನ್ನು ಎದುರಿಸಿದಾಕೆ ಕೆಳದಿಯವಳು. ಗಂಡ ಸೋಮಶೇಖರ ನಾಯಕ ತೀರಿದ ಮೇಲೆ ಮಲೆನಾಡಿನ ಬಿದನೂರಿನಿಂದ ಸುಮಾರು 25 ವರ್ಷ ರಾಜ್ಯ ಆಳಿದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟಳು. ದಿಲ್ಲಿ ಬಾದಶಹನ ಸಿಟ್ಟು ಅಂದರೆ ಸಣ್ಣ ಮಾತೇನು? ಆದರೂ ಆತನನ್ನು ಹಿಡಿದುಕೊಡಲಿಲ್ಲ. ಸುರಕ್ಷಿತವಾಗಿ ಜಿಂಜಿ ಕಡೆ ಕಳಿಸಿದಳು.

ಇದಾಗಿ 135 ವರ್ಷಕ್ಕೆ, ಧಾರವಾಡದಿಂದ ಸುಮಾರು 30 ಕಿ.ಮೀ. ದೂರದ ಕಿತ್ತೂರಿನಲ್ಲಿ ಯುದ್ಧ ನಡೆಯಿತು. ಅರಸ ಶಿವಲಿಂಗರುದ್ರಸರ್ಜ ಸತ್ತಾಗ ದತ್ತಕ ಮಗನನ್ನು ಇಂಗ್ಲಿಷರು ಒಪ್ಪಲಿಲ್ಲ. 1824ರ ಅಕ್ಟೋಬರ್ 23ರಂದು ಕೋಟೆ ಮುಂದಿನ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆಯೇ ಸತ್ತ. ಡಿಸೆಂಬರಿನಲ್ಲಿ ಇಂಗ್ಲಿಷರು ದೊಡ್ಡ ಸೈನ್ಯ ತಂದು ಕೋಟೆ ಗೆದ್ದರು. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಆಕೆಯ ಸಮಾಧಿ ಅಲ್ಲೇ ಇದೆ.

ಇಬ್ಬರೂ ಗಂಡನನ್ನು ಕಳಕೊಂಡವರು, ಇಬ್ಬರೂ ತಮಗಿಂತ ದೊಡ್ಡ ಶತ್ರುವಿನ ಎದುರು ನಿಂತವರು. ಹೆಸರೂ ಒಂದೇ ಆದ ಮೇಲೆ ಗೊಂದಲ ಆಗದೇ ಇರ್ತದೇನು? ನಾನಂತೂ ಹೀಂಗ ನೆನಪಿಟ್ಟೀನಿ: ಕೆಳದಿಯವಳಿಗೆ ದಿಲ್ಲಿಯ ಬಾದಶಹ, ಕಿತ್ತೂರಿನವಳಿಗೆ ನಮ್ಮ ಧಾರವಾಡದ ಕಲೆಕ್ಟರ್.