ಗಾಜಿನೆಳೆಯ ಕೊನೆಯ ಗಂಟು

ವಿಜಯಪುರದಿಂದ ಹೊಸಪೇಟೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಇಪ್ಪತ್ತು ಕಿಲೋಮೀಟರ್ ಆಸುಪಾಸಿಗೆ ಮನಗೂಳಿ ಸಿಗುತ್ತದೆ. ಬಸವನ ಬಾಗೇವಾಡಿ, ತಾಳಿಕೋಟೆ ಕಡೆಗೆ ಹೋಗುವ ಮನಗೂಳಿ–ದೇವಾಪುರ ರಾಜ್ಯ ಹೆದ್ದಾರಿ ಕವಲೊಡೆಯುವುದೂ ಇಲ್ಲಿಂದಲೇ. ದೂರದೂರಿಗೆ ಹೋಗುವ ಆಪ್ಟಿಕಲ್ ಫೈಬರ್ ಕೇಬಲ್ಲುಗಳು ಇಂಥ ಹೆದ್ದಾರಿಗಳ ಬದಿಯನ್ನೇ ಹಿಡಿಯುತ್ತವೆ. ನಿಯಮದ ಪ್ರಕಾರ 1.65 ಮೀಟರ್ ಆಳದ ಕಾಲುವೆ ತೋಡಿ, ಪ್ಲಾಸ್ಟಿಕ್ ಕೊಳವೆಯೊಳಗೆ ಇಳಿಸಿದ ಕೇಬಲ್ ಅದು. ನೂರಾರು ಕಿಲೋಮೀಟರ್ ನಿರಾತಂಕವಾಗಿ ಬಂದ ಬೆಳಕು ಕೈಕೊಡುವುದು ಮಾತ್ರ ಓಣಿಯ ಕಂಬದಿಂದ ಮನೆಯ ಗೋಡೆಗೆ ಬರುವ ಕೊನೆಯ ಮೂವತ್ತು–ನಲವತ್ತು ಮೀಟರಿನಲ್ಲಿ. ‘ಕೆಂಪು ಲೈಟ್ ಬಂದೈತಿ, ನೆಟ್ ಹೋಗೇತಿ’ ಎಂಬ ಫೋನ್ ಕರೆಗಳ ಬೇರು ಬಹುಪಾಲು ಅಲ್ಲೇ ಇರುತ್ತದೆ. ಆ ಕೊನೆಯ ತುಂಡು ನಮ್ಮ ಊರುಗಳಿಗೆ ಹೇಗೆ ಬಂತು, ಯಾರ ಕೈಯಿಂದ ಬಂತು ಎಂಬುದೇ ಒಂದು ಕತೆ.

ಗಾಜಿನ ಎಳೆಯೊಳಗೆ ಬೆಳಕನ್ನು ಬಾಗಿಸಿ ಒಯ್ಯಬಹುದೆಂದು ತೋರಿಸಿದವರಲ್ಲಿ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಪ್ರಮುಖರು. ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಮಾಡಿದ ಆ ಕೆಲಸ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ ಆಗಿನ ಗಾಜು ಬೆಳಕನ್ನು ಕೆಲವೇ ಮೀಟರುಗಳಲ್ಲಿ ನುಂಗಿಬಿಡುತ್ತಿತ್ತು. ದೋಷ ಗಾಜಿನದಲ್ಲ, ಅದರೊಳಗಿನ ಕಲ್ಮಶದ್ದು ಎಂದು 1966ರಲ್ಲಿ ವಾದಿಸಿದವರು ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್. ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಕಡಿಮೆ ನಷ್ಟವಾದರೆ, ಅಂದರೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು, ದೂರಸಂಪರ್ಕಕ್ಕೆ ಒದಗುತ್ತದೆ ಎಂದರು. ಅಮೆರಿಕದ ಕಾರ್ನಿಂಗ್ ಕಂಪನಿ 1970ರಲ್ಲಿ ಆ ಗಡಿ ದಾಟಿತು. ಕಾವೊ ಅವರಿಗೆ 2009ರಲ್ಲಿ ನೊಬೆಲ್ ಬಂತು. ಇಂದಿನ ಎಳೆಯಲ್ಲಿ ಒಂದು ಕಿಲೋಮೀಟರ್ ಸಾಗಿದ ಮೇಲೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಬೆಳಕು ಉಳಿದಿರುತ್ತದೆ. ಭಾರತದಲ್ಲಿ ಮೊದಲ ಫೈಬರ್ ಸಂಪರ್ಕ ಪುಣೆಯ ಟೆಲಿಫೋನ್ ಎಕ್ಸ್‌ಚೇಂಜುಗಳ ನಡುವೆ 1979ರಲ್ಲೇ ಶುರುವಾಯಿತು.

ಹಳ್ಳಿಗಳದು ಮಾತ್ರ ಇನ್ನೂ ತಾಮ್ರದ ಕಾಲ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ನಮ್ಮ ಬಿಸಿಲಿಗೂ ದೂಳಿಗೂ ಹೊಂದುವಂತೆ, ಹವಾನಿಯಂತ್ರಣ ಬೇಡದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜ್ ರೂಪಿಸಿತು. ಅದನ್ನು ಮೊದಲು ಕೂಡಿಸಿದ್ದು 1986ರಲ್ಲಿ, ನಮ್ಮದೇ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಅಲ್ಲಿಂದ ಮುಂದೆ ಊರೂರಿಗೆ ಎಸ್‌ಟಿಡಿ ಬೂತು ಬಂತು, ಲೈನ್‌ಮನ್ ಬಂದ. ಅವನ ಕೆಲಸ ಕ್ಷಮೆಯಿದ್ದ ಕೆಲಸ. ಎರಡು ತಂತಿ ಸುಲಿದು, ಹೆಣೆದು, ಟೇಪು ಸುತ್ತಿದರೆ ಮಾತು ಕೇಳಿಸುತ್ತಿತ್ತು. ಗಂಟು ಸಡಿಲಾದರೆ ಗರಗರ ಸದ್ದು ಬರುತ್ತಿತ್ತು, ಲೈನು ಪೂರಾ ಸಾಯುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಇನ್ನೊಂದು ತಂತಿ ಓಣಿಗೆ ಇಳಿಯಿತು. 1994ರಲ್ಲಿ ಉದಯ ಟಿವಿ ಬಂದ ಮೇಲಂತೂ ಸಣ್ಣ ಪಟ್ಟಣಗಳಲ್ಲೂ ಕೇಬಲ್ ಆಪರೇಟರ್ ಹುಟ್ಟಿಕೊಂಡ. ಡಿಶ್ ಬುಟ್ಟಿ ಒಂದು ಮಾಳಿಗೆಯ ಮೇಲೆ. ಅಲ್ಲಿಂದ ಕಂಬ, ಬೇವಿನಮರ, ಮಾಳಿಗೆಯ ಕುಂಬಿ ಹೀಗೆ ಆತುಕೊಂಡು ಹೊರಟ ಕರಿ ತಂತಿ. ದಾರಿಯುದ್ದಕ್ಕೂ ಅಲ್ಲಲ್ಲಿ ಆಂಪ್ಲಿಫೈಯರ್ ಬೇಕು, ಅದಕ್ಕೆ ಕರೆಂಟು ಬೇಕು. ಲೋಡ್ ಶೆಡ್ಡಿಂಗ್ ಕಾಲದಲ್ಲಿ ಒಂದು ಓಣಿಯ ಕರೆಂಟು ಹೋದರೆ ಮುಂದಿನ ಓಣಿಯ ಟಿವಿಯೂ ಸುಮ್ಮನಾಗುತ್ತಿತ್ತು. ಆದರೂ ಈ ಜಾಲ ಒಂದು ಆಸ್ತಿ ಬಿಟ್ಟುಹೋಯಿತು: ಯಾವ ಮನೆಗೆ ಯಾವ ಕಂಬದಿಂದ ದಾರಿ, ಯಾರ ಮಾಳಿಗೆ ಹತ್ತಲು ಯಾರ ಒಪ್ಪಿಗೆ ಬೇಕು ಎಂಬುದನ್ನೆಲ್ಲ ಬಲ್ಲ ಕೇಬಲ್ ಹುಡುಗರು.

2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ಮುಂದೆ ಅದೇ ಭಾರತ್‌ನೆಟ್ ಆಯಿತು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆ. ಆದರೆ ಅದರ ಮೊದಲ ಗುರಿ ಪಂಚಾಯಿತಿ ಕಚೇರಿಯವರೆಗೆ ಮಾತ್ರ ಇತ್ತು. ಅಲ್ಲಿಂದ ಮನೆಗೆ ಯಾರು ಒಯ್ಯಬೇಕು? ಆ ಜಾಗ ತುಂಬಿದವರು ಹೆಚ್ಚಾಗಿ ಇದೇ ಕೇಬಲ್ ಹುಡುಗರು. ಬಿಎಸ್‌ಎನ್‌ಎಲ್ ತನ್ನ ‘ಭಾರತ್ ಫೈಬರ್’ ಸೇವೆಗೆ ಸ್ಥಳೀಯ ಕೇಬಲ್ ಆಪರೇಟರುಗಳನ್ನು ವರಮಾನದ ಪಾಲುದಾರರನ್ನಾಗಿ ಮಾಡಿಕೊಂಡಿತು. 2016ರ ನಂತರ ಮೊಬೈಲಿನಲ್ಲೇ ಸಿನಿಮಾ ನೋಡುವವರು ಹೆಚ್ಚಿ ಕೇಬಲ್ ಧಂದೆ ಸೊರಗಿತ್ತು. 2020ರ ಲಾಕ್‌ಡೌನಿನಲ್ಲಿ ಪಾಠ, ಕಚೇರಿ ಎರಡೂ ಮನೆಯೊಳಗೆ ಬಂದಾಗ ಫೈಬರಿಗೆ ಬೇಡಿಕೆ ಏರಿತು. ಟಿವಿ ತಂತಿ ಎಳೆದ ಏಣಿಯೇ ಗಾಜಿನ ಎಳೆಗೂ ಒದಗಿತು. ಹಳೆಯ ಕೈಚಳಕ ಮಾತ್ರ ಒದಗಲಿಲ್ಲ.

ಏಕೆಂದರೆ ಗಾಜನ್ನು ಹೆಣೆದು ಟೇಪು ಸುತ್ತಲಾಗದು. ಎಳೆಯ ಒಟ್ಟು ದಪ್ಪ 125 ಮೈಕ್ರಾನ್, ಅಂದರೆ ಮಿಲಿಮೀಟರಿನ ಎಂಟನೇ ಒಂದು ಭಾಗ. ಬೆಳಕು ಹರಿಯುವ ನಡುತಿರುಳು 9 ಮೈಕ್ರಾನ್ ಮಾತ್ರ. ಮನೆಯೊಳಗಿನ ಪುಟ್ಟ ಪೆಟ್ಟಿಗೆಯಲ್ಲಿ ಇಂಥ ಎರಡು ತಿರುಳುಗಳು ಎದುರುಬದುರಾಗಿ ಕೂಡಬೇಕು. ಮೊದಲು ಕರಿ ಹೊದಿಕೆ ಸುಲಿಯಬೇಕು, ಆಮೇಲೆ ಬಣ್ಣದ ಲೇಪ ತೆಗೆಯಬೇಕು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಕ್ಲೀವರ್ ಎಂಬ ಉಪಕರಣದಲ್ಲಿ ತುದಿಯನ್ನು ತೊಂಬತ್ತು ಡಿಗ್ರಿಗೆ ಸರಿಯಾಗಿ ಮುರಿಯಬೇಕು. ಕೋನ ಒಂದು ಡಿಗ್ರಿಗಿಂತ ಹೆಚ್ಚು ತಪ್ಪಿದರೆ ಮತ್ತೆ ಮೊದಲಿನಿಂದ. ಸ್ಪ್ಲೈಸಿಂಗ್ ಯಂತ್ರದಲ್ಲಿಟ್ಟಾಗ ಎರಡು ವಿದ್ಯುದ್ವಾರಗಳ ನಡುವೆ ಕಿಡಿ ಹಾರಿ, ತುದಿಗಳು ಕರಗಿ ಬೆಸೆಯುತ್ತವೆ. ಬೆಸುಗೆಯ ಮೇಲೆ ಶಾಖಕ್ಕೆ ಕುಗ್ಗುವ ತೋಳು ಹೊದಿಸಿದರೆ ಗಂಟು ಸಿದ್ಧ. ನೆಟ್ಟಗೆ ಬಂದ ಗಂಟಿನ ನಷ್ಟ 0.05 ಡೆಸಿಬೆಲ್‌ಗಿಂತ ಕಡಿಮೆ. ಯಂತ್ರ ದುಬಾರಿ ಎಂದು ಹಲವರು ಒತ್ತಿ ಕೂಡಿಸುವ ‘ಫಾಸ್ಟ್ ಕನೆಕ್ಟರ್’ ಹಾಕುತ್ತಾರೆ. ಅದರ ನಷ್ಟ ಸುಮಾರು 0.3 ಡೆಸಿಬೆಲ್, ದೂಳು ಸೇರಿದರೆ, ಒಳಗಿನ ಜೆಲ್ ಒಣಗಿದರೆ ಇನ್ನೂ ಹೆಚ್ಚು.

ಇಷ್ಟು ಚಿಲ್ಲರೆ ನಷ್ಟಕ್ಕೆ ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು? ಲೆಕ್ಕ ಹೀಗಿದೆ. ಮನೆಮನೆಯ ಫೈಬರಿಗೆ ಬಳಸುವ ಜಿಪಾನ್ ತಂತ್ರದಲ್ಲಿ ಎಕ್ಸ್‌ಚೇಂಜಿನಿಂದ ಮನೆಯವರೆಗೆ ಸಾಮಾನ್ಯವಾಗಿ 28 ಡೆಸಿಬೆಲ್ ನಷ್ಟ ತಾಳಿಕೊಳ್ಳಬಹುದು. ಒಂದು ಎಳೆಯ ಬೆಳಕನ್ನು 32 ಮನೆಗಳಿಗೆ ಹಂಚುವ ಸ್ಪ್ಲಿಟರ್ ಒಂದೇ ಸುಮಾರು 17 ಡೆಸಿಬೆಲ್ ತಿನ್ನುತ್ತದೆ. 20 ಕಿಲೋಮೀಟರ್ ದಾರಿಗೆ 7 ಹೋಗುತ್ತದೆ. ಉಳಿಯುವುದು ನಾಲ್ಕೇ. ನಡುವಿನ ಎಲ್ಲ ಗಂಟು, ಕನೆಕ್ಟರ್, ಬಾಗುಗಳಿಗೆ ಸೇರಿ ನಾಲ್ಕು. ಪ್ರತಿ 3 ಡೆಸಿಬೆಲ್ ನಷ್ಟವೆಂದರೆ ಬೆಳಕು ಅರ್ಧಕ್ಕಿಳಿದಂತೆ. ಆಲಮಟ್ಟಿಯ ಕಾಲುವೆಯಲ್ಲಿ ತುದಿಯ ಹೊಲದವನ ಪಾಡೇ ಇಲ್ಲಿಯೂ: ಮೇಲಿನ ಪ್ರತಿಯೊಂದು ಸೋರಿಕೆಯ ಫಲ ಅವನ ಪಾಲಿಗೆ. ದೂರದ ಪಟ್ಟಣದಲ್ಲಿ ಬೆಳಕು ಕಳಿಸುವ ಯಂತ್ರವಿಟ್ಟು ಮನಗೂಳಿಯಂಥ ಊರಿಗೆ ಸೇವೆ ಕೊಡುವುದಕ್ಕಿಂತ ಊರಲ್ಲೇ ಇಡುವುದು ಮೇಲು ಎನ್ನುವುದೂ ಇದೇ ಲೆಕ್ಕದಿಂದ. ಈ ತಂತ್ರದಲ್ಲಿ ಒಂದು ಅನುಕೂಲವೂ ಇದೆ: ನಡುದಾರಿಯಲ್ಲಿ ಎಲ್ಲಿಯೂ ಕರೆಂಟು ಬೇಡ.

ಮನೆಯೊಳಗೆ ಬೇರೆ ಶತ್ರುಗಳಿವೆ. ಮೊದಲಿನ ಎಳೆಗಳನ್ನು ಗೋಡೆಯ ಮೂಲೆಯಲ್ಲಿ ಬಿಗಿಯಾಗಿ ತಿರುಗಿಸಿದರೆ ಬೆಳಕು ಹೊರಗೆ ಸೋರುತ್ತಿತ್ತು. ಅದಕ್ಕೆಂದೇ 2006ರಲ್ಲಿ ಜಿ.657 ಎಂಬ ಅಂತರರಾಷ್ಟ್ರೀಯ ಮಾನಕ ಬಂತು. ಈ ಬಗೆಯ ಎಳೆ 10 ಮಿಲಿಮೀಟರ್ ತ್ರಿಜ್ಯದ ಬಾಗನ್ನೂ ತಾಳುತ್ತದೆ. ಕಪಾಟಿನ ಹಿಂದೆ ಮಡಚಿ ಹಾಕಿದರೆ ಅದೂ ಸೋಲುತ್ತದೆ. ಹಸಿರು ಕನೆಕ್ಟರಿನ ತುದಿ 8 ಡಿಗ್ರಿ ಓರೆ, ನೀಲಿಯದು ನೇರ. ಹಸಿರನ್ನು ನೀಲಿಗೆ ತುರುಕಿದರೆ ನಡುವೆ ಸಂದು ಉಳಿದು ಬೆಳಕು ಅಲ್ಲೇ ಹಾಳಾಗುತ್ತದೆ. ಹೊರಗೆ ಬೇಸಿಗೆಯಲ್ಲಿ ಬಿರಿಯುವ ಎರೆಮಣ್ಣು, ಇಲಿ, ಅಳಿಲು, ಎಲ್ಲಕ್ಕೂ ಮಿಗಿಲಾಗಿ ನೀರಿನ ಪೈಪಿಗೋ ರಸ್ತೆಗೋ ಅಗೆಯುವ ಜೆಸಿಬಿ. ಅಗೆಯುವ ಮೊದಲು ಕೇಬಲ್ ಮಾಲೀಕರಿಗೆ ತಿಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ಜೆಸಿಬಿ ಓಡಿಸುವವನ ಮೊಬೈಲಿಗೂ ಅದು ತಲುಪಬೇಕು.

ಇಷ್ಟು ಸೂಕ್ಷ್ಮದ ಕೆಲಸವನ್ನು ಹೆಚ್ಚಿನ ಹುಡುಗರು ಕಲಿತದ್ದು ಏಣಿಯ ಬುಡದಲ್ಲಿ, ಇನ್ನೊಬ್ಬನ ಕೈ ನೋಡಿ. ಟೆಲಿಕಾಂ ಕೌಶಲ ಮಂಡಳಿ ಆಪ್ಟಿಕಲ್ ಫೈಬರ್ ಸ್ಪ್ಲೈಸರ್, ಟೆಕ್ನೀಷಿಯನ್ ಎಂಬ ಹುದ್ದೆಗಳಿಗೆ ಪಠ್ಯ ರೂಪಿಸಿದೆ. ಆದರೆ ಪಾಠ ಬೇಕಿರುವುದು ತಾಲ್ಲೂಕು ಮಟ್ಟದಲ್ಲಿ. ಮುರಿದ ಗಾಜಿನ ಚೂರು ಕಣ್ಣಿಗೆ ಕಾಣದೆ ಬೆರಳಿಗೆ ನಾಟುತ್ತದೆ. ಎಳೆಯೊಳಗಿನ ಅವಕೆಂಪು ಬೆಳಕೂ ಕಣ್ಣಿಗೆ ಕಾಣದು. ತುದಿಯನ್ನು ಕಣ್ಣಿಗೆ ಹಿಡಿದು ನೋಡುವ ಚಾಳಿ ಅಪಾಯದ್ದು. ವಿದ್ಯುತ್ ಕಂಬ ಹತ್ತುವ ಗಂಡಾಂತರ ಬೇರೆ.

ಕೊನೆಗೆ ಓದುಗರಿಗೊಂದು ಮಾತು. ನಿಮ್ಮ ಮನೆಗೆ ಫೈಬರ್ ಹಾಕಲು ಬಂದವರನ್ನು ಅವಸರಪಡಿಸಬೇಡಿ. ಕೆಲಸ ಮುಗಿದ ಮೇಲೆ ‘ಪವರ್ ಎಷ್ಟು ಬರ್ತೈತಿ’ ಎಂದು ಕೇಳಿ, ಮೀಟರ್ ತೋರಿಸಿದ ಅಂಕಿಯನ್ನು ಪೆಟ್ಟಿಗೆಯ ಮೇಲೆ ಬರೆಸಿಕೊಳ್ಳಿ. ಮೈನಸ್ 15ರಿಂದ 24ರ ನಡುವೆ ಇದ್ದರೆ ನಿಶ್ಚಿಂತೆ. ಮೈನಸ್ 27ರ ಹತ್ತಿರವಿದ್ದರೆ ಗಂಟನ್ನು ಇನ್ನೊಮ್ಮೆ ಹಾಕಲು ಹೇಳಿ. ಅದಕ್ಕೆ ಬೇಕಾಗುವುದು ಹೆಚ್ಚೆಂದರೆ ಹತ್ತು ನಿಮಿಷ.