ಫೋನ್ ಇದ್ದಮಾತ್ರಕ್ಕೆ ಕಸುಬು ಬರುವುದಿಲ್ಲ

ಕಾರ್ಖಾನೆ ಬಾಗಿಲು ಹಾಕಿದಾಗ, ಮಳೆ ಕೈಕೊಟ್ಟಾಗ, 2020ರ ಲಾಕ್‌ಡೌನ್‌ನಲ್ಲಿ ಆದಂತೆ ದುಡಿಮೆಯೇ ನಿಂತಾಗ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಕೈಯಲ್ಲಿ ಫೋನಿದೆ, ಪಾಠ ಪುಕ್ಕಟೆ ಸಿಗುತ್ತದೆ, ಹೊಸ ಕೆಲಸ ಕಲಿಯದಿದ್ದರೆ ಅದು ಕಾರ್ಮಿಕರ ಸೋಮಾರಿತನ. ಇದು ತಪ್ಪು ಕಲ್ಪನೆ. ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸ್‌ಗಳ ಲೆಕ್ಕವನ್ನು 2019ರಲ್ಲಿ ‘ಸೈನ್ಸ್’ ಪತ್ರಿಕೆ ಪ್ರಕಟಿಸಿತು. ಹೆಸರು ನೋಂದಾಯಿಸಿದವರಲ್ಲಿ ಸುಮಾರು 52% ಮಂದಿ ಪಾಠವನ್ನು ತೆರೆದೇ ಇರಲಿಲ್ಲ. 2017-18ರಲ್ಲಿ ಕೊನೆ ಮುಟ್ಟಿದವರು 3% ಆಸುಪಾಸು. ಇಂಥ ಕೋರ್ಸ್‌ಗಳಿಗೆ ಸೇರುವವರು ಓದುಬರಹಕ್ಕೆ ಹೊಸಬರೂ ಅಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ತನ್ನ ಆನ್‌ಲೈನ್ ವಿದ್ಯಾರ್ಥಿಗಳನ್ನು 2013ರಲ್ಲಿ ವಿಚಾರಿಸಿದಾಗ 83% ಮಂದಿಯ ಬಳಿ ಆಗಲೇ ಕಾಲೇಜು ಪದವಿ ಇತ್ತು. ಪದವೀಧರರೇ ಅರ್ಧಕ್ಕೆ ಬಿಡುವ ಪಾಠವನ್ನು ದಿನಗೂಲಿಯವರು ಮುಗಿಸಲಿಲ್ಲವೆಂದು ದೂರುವುದು ಅನ್ಯಾಯ.

ಹಾಗಾದರೆ ದೂರದ ಪಾಠ ಯಾರಿಗೂ ದಕ್ಕುವುದಿಲ್ಲವೇ? ದಕ್ಕುತ್ತದೆ, ಮಧ್ಯೆ ಒಬ್ಬ ಮನುಷ್ಯ ಇದ್ದರೆ. ಇದಕ್ಕೆ ಸಾಕ್ಷಿ ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿದೆ. 1972ರಲ್ಲಿ ಅಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ, 2002ರ ಭೀಕರ ಬರದ ನಂತರದ ವರ್ಷಗಳಲ್ಲಿ ‘ವಾಸಾಟ್’ ಎಂಬ ದೂರಶಿಕ್ಷಣ ವ್ಯವಸ್ಥೆಯನ್ನು ಕಟ್ಟಿತು. ಅದರ ಪ್ರಯೋಗ ನಡೆದದ್ದು ಅಡ್ಡಾಕಲ್‌ನಲ್ಲಿ. ಅದು ಸೇರಿದ ಮೆಹಬೂಬ್‌ನಗರ ಆಗ ನಮ್ಮ ರಾಯಚೂರಿಗೆ ತಾಗಿದ್ದ ಜಿಲ್ಲೆ. ಬರ ಬಂದರೆ ಊರಿಗೆ ಊರೇ ಗುಳೆ ಹೋಗುತ್ತಿದ್ದ, ಪಾಲಮೂರು ಎಂಬ ತನ್ನ ಇನ್ನೊಂದು ಹೆಸರಿನಿಂದ ‘ಪಾಲಮೂರು ಕೂಲಿ’ಗೆ ಹೆಸರಾದ ಸೀಮೆ. ಅಲ್ಲಿನ ಸ್ವಸಹಾಯ ಸಂಘಗಳ ಒಕ್ಕೂಟವಾದ ಆದರ್ಶ ಮಹಿಳಾ ಸಮಾಖ್ಯ ಇಂಟರ್ನೆಟ್ ಕೇಂದ್ರವನ್ನು ನಡೆಸಿತು. ತರಬೇತಿ ಪಡೆದ ಹಳ್ಳಿಯ ಹೆಂಗಸರು ರೈತರ ಪ್ರಶ್ನೆಗಳನ್ನು ಒಟ್ಟುಮಾಡಿ ತಜ್ಞರಿಗೆ ಕಳಿಸುತ್ತಿದ್ದರು, ಬಂದ ಉತ್ತರವನ್ನು ಊರವರ ತೆಲುಗಿನಲ್ಲಿ ತಿಳಿಹೇಳುತ್ತಿದ್ದರು. ಯಾವ ಹಳ್ಳಿಗೆ ಬರದ ಹೊಡೆತ ಎಷ್ಟು ಎಂಬುದನ್ನು ಬಣ್ಣದ ನಕಾಶೆಯಲ್ಲಿ ತೋರಿಸುವ ಕೆಲಸವೂ ಆಯಿತು. ಅಲ್ಲಿ ಕಂಪ್ಯೂಟರಿನಷ್ಟೇ ಮುಖ್ಯವಾಗಿದ್ದವರು ಅದರ ಮುಂದೆ ಕೂತ, ಊರು ನಂಬಿದ ಆ ಹೆಂಗಸರು.

ಅದು ಸ್ಮಾರ್ಟ್‌ಫೋನ್ ಇಲ್ಲದ ಕಾಲ, ಈಗ ಮಧ್ಯವರ್ತಿ ಏಕೆ ಎಂದು ಕೇಳುವವರಿದ್ದಾರೆ. ಯೂಟ್ಯೂಬ್ ನೋಡಿಯೇ ಕಲಿತವರಿಲ್ಲವೇ ಎಂದೂ ಕೇಳುತ್ತಾರೆ. ಇದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರ ಕೈಯಲ್ಲಿ ಕಸುಬು ಮೊದಲೇ ಇರುತ್ತದೆ. ವೈರಿಂಗ್ ಬಲ್ಲವರು ಸೋಲಾರ್ ಜೋಡಣೆಯನ್ನು ವಿಡಿಯೊದಿಂದ ಬೇಗ ಹಿಡಿಯಬಲ್ಲರು. ಕೂಲಿಯಿಂದ ಯಂತ್ರಕ್ಕೆ ಏರಬೇಕಾದವರ ಕಷ್ಟ ಬೇರೆ. ಬಾಯ್ಲರ್ ನಡೆಸಲು ಸರ್ಕಾರದ ಪರೀಕ್ಷೆ ಪಾಸಾಗಬೇಕು, ಆ ಪರೀಕ್ಷೆಗೆ ಕೂರಲು ಬಾಯ್ಲರ್ ಬಳಿ ದುಡಿದ ಅನುಭವ ಬೇಕು. ಅದನ್ನು ಯಾವ ಆ್ಯಪ್ ಕೊಟ್ಟೀತು?

ಹುಮನಾಬಾದ್, ಜಹೀರಾಬಾದ್ ದಾಟಿ 65ನೇ ಹೆದ್ದಾರಿಯಲ್ಲಿ ಪಟಾನ್‌ಚೆರು ಕೈಗಾರಿಕಾ ಪ್ರದೇಶಕ್ಕೆ ಕೆಲಸ ಹುಡುಕಿ ಬರುವ ಬೀದರ್ ಸೀಮೆಯವರು ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಲಿ: ಪಾಠ ನನಗೆ ತಿಳಿಯುವ ಭಾಷೆಯಲ್ಲಿದೆಯೇ? ಸಂಶಯ ಬಂದರೆ ಉತ್ತರಿಸುವವರು ಯಾರು? ಯಂತ್ರ ಮುಟ್ಟಿ ಕಲಿಯುವುದು ಎಲ್ಲಿ? ಮೂರಕ್ಕೂ ಉತ್ತರ ಸಿಗದಿದ್ದರೆ ದುಡ್ಡು ಕಟ್ಟಬೇಡಿ, ಹತ್ತಿರದ ಐಟಿಐನಲ್ಲಿ ವಿಚಾರಿಸಿ.