ಕಿಳ್ಳೇಕ್ಯಾತನ ಡೊಳ್ಳುಹೊಟ್ಟೆ

ವಿಜಯಪುರದಿಂದ ಹೊರ್ತಿ, ಝಳಕಿ ದಾಟಿ ಧೂಳಖೇಡದ ಬಳಿ ಭೀಮಾ ನದಿ ಮುಟ್ಟುವ ಸೊಲ್ಲಾಪುರ ರಸ್ತೆಯುದ್ದಕ್ಕೂ ಕನ್ನಡ ಮರಾಠಿ ಬೆರೆತೇ ಇವೆ. ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತ ಮನೆತನಗಳ ಬದುಕೂ ಹಾಗೆಯೇ: ಮನೆಯೊಳಗೆ ಮರಾಠಿಯ ಒಂದು ಬಗೆ, ಪರದೆಯ ಹಿಂದೆ ಕನ್ನಡ. ಉತ್ತರ ಕರ್ನಾಟಕದಲ್ಲಿ ಇವರಿಗೆ ಕಟಬರು ಎಂಬ ಹೆಸರೂ ಉಂಟು.

ಇವರ ರಾಮನನ್ನು ದೀಪದ ಎದುರು ಹಿಡಿದು ನೋಡಬೇಕು. ಕಿರೀಟ, ಸರ, ಸೊಂಟದ ಪಟ್ಟಿ ಎಲ್ಲವೂ ಉಳಿಯಿಂದ ಕೊರೆದ ಸಣ್ಣ ತೂತುಗಳು. ಬೆಳಕು ಅವುಗಳಿಂದ ತೂರಿ ಬಂದಾಗ ಆಭರಣವಾಗುತ್ತದೆ. ಅದೇ ಕೈ, ಅದೇ ಉಳಿ, ಅದೇ ತೊಗಲಿನಲ್ಲಿ ಹಾಸ್ಯದ ಕಿಳ್ಳೇಕ್ಯಾತನನ್ನೂ ಮಾಡುತ್ತದೆ. ಉಬ್ಬಿದ ಹೊಟ್ಟೆ, ದಪ್ಪ ತುಟಿ, ಕೆದರಿದ ಕೂದಲು, ಸೊಟ್ಟ ಕೈಕಾಲು. ರಾಮಾಯಣದ ನಡುವೆ ಹೆಂಡತಿ ಬಂಗಾರಕ್ಕನೊಂದಿಗೆ ನುಗ್ಗಿ ಊರಿನ ಸುದ್ದಿಯನ್ನು ಪೋಲಿ ಮಾತಿನಲ್ಲಿ ಆಡಿ ಹೋಗುತ್ತಾನೆ. ರಾಮನನ್ನು ಅಷ್ಟು ನಾಜೂಕಾಗಿ ಕೊರೆಯಬಲ್ಲವನು ಇವನನ್ನು ಬೇಕೆಂದೇ ಒರಟಾಗಿ ಬಿಟ್ಟಿದ್ದಾನೆ. ಈ 'ಬೇಕೆಂದೇ' ಎಂಬುದರ ಹಿಂದೆ ಕಣ್ಣಿನ, ಮೆದುಳಿನ ಒಂದು ವಿಜ್ಞಾನವಿದೆ.

ಮುಖಗಳನ್ನು ನಾವು ಒಂದು ಸರಾಸರಿ ಮುಖಕ್ಕೆ ಹೋಲಿಸಿ, ಅದರಿಂದ ಎಷ್ಟು ಬೇರೆ ಎಂಬುದರ ಮೇಲೆ ನೆನಪಿಡುತ್ತೇವೆ ಎಂಬುದು ಮನೋವಿಜ್ಞಾನಿಗಳಲ್ಲಿ ಬಲವಾಗಿರುವ ವಿಚಾರ. ಸೂಸನ್ ಬ್ರೆನನ್ 1985ರಲ್ಲಿ ಪ್ರಕಟಿಸಿದ ಕಂಪ್ಯೂಟರ್ ವಿಧಾನ ಮಾಡುವುದೂ ಇದನ್ನೇ: ಒಂದು ಮುಖದ ಗೆರೆಗಳು ಸರಾಸರಿಯಿಂದ ಎಲ್ಲಿ ಸರಿದಿವೆಯೋ ಅಲ್ಲಿ ಇನ್ನಷ್ಟು ಎಳೆಯುವುದು. 1987ರಲ್ಲಿ ಗಿಲಿಯನ್ ರೋಡ್ಸ್, ಬ್ರೆನನ್ ಮತ್ತು ಸೂಸನ್ ಕ್ಯಾರಿ ಪರೀಕ್ಷಿಸಿದಾಗ, ಪರಿಚಿತರ ಮುಖವನ್ನು ಇದ್ದಂತೆ ತೋರಿಸಿದ ರೇಖಾಚಿತ್ರಕ್ಕಿಂತ ಅತಿರೇಕಗೊಳಿಸಿದ ಚಿತ್ರವನ್ನು ಜನ ಬೇಗ ಗುರುತಿಸಿದರು. ಇದ್ದದ್ದನ್ನು ತುಸು ಕೆಡಿಸಿದರೆ ಗುರುತು ಹತ್ತುವುದು ಬೇಗ! ನಿಕೋ ಟಿನ್‌ಬರ್ಗೆನ್ ಕಡಲಹಕ್ಕಿಯ ಮರಿಗಳಲ್ಲಿ ಕಂಡದ್ದೂ ಇದಕ್ಕೆ ಹತ್ತಿರದ್ದು: ತಾಯಿಯ ತಲೆಯ ಮಾದರಿಗಿಂತ, ಬಿಳಿ ಪಟ್ಟೆಗಳಿದ್ದ ಒಂದು ಕೆಂಪು ಕಡ್ಡಿಯನ್ನು ಮರಿಗಳು ಹೆಚ್ಚು ಕುಕ್ಕಿದವು.

ಕಿಳ್ಳೇಕ್ಯಾತ ಯಾವ ಒಬ್ಬ ಮನುಷ್ಯನ ಅಣಕವೂ ಅಲ್ಲ. ಅವನು ಯಾವ ಅಳತೆಯಿಂದ ಸರಿದಿದ್ದಾನೆ ಎಂದರೆ, ಅದೇ ಪರದೆಯ ಮೇಲೆ ಈಗಷ್ಟೇ ನಿಂತು ಹೋದ ರಾಮನಿಂದ. ಆ ಅಳತೆ ಕಣ್ಣಲ್ಲಿ ಇನ್ನೂ ಹಸಿಯಾಗಿರುವಾಗಲೇ ಡೊಳ್ಳುಹೊಟ್ಟೆ ಬರುತ್ತದೆ. ನಗು ಹುಟ್ಟುವುದು ಅಲ್ಲಿ ಎಂದು ನಾನು ನಂಬಿದ್ದೇನೆ.

ಅಚ್ಚಿನ ಕಲೆಯಲ್ಲಿ ಈ ಅತಿರೇಕಕ್ಕೆ ಸಾಮಗ್ರಿಯ ಒತ್ತಾಸೆಯೂ ಸಿಗುತ್ತದೆ. ಲಿನೋಲಿಯಂ ಹಾಳೆಯನ್ನು ಉಳಿಯಿಂದ ಕೆತ್ತಿದಲ್ಲಿ ಕಾಗದ ಬೆಳ್ಳಗೆ ಉಳಿಯುತ್ತದೆ, ಬಿಟ್ಟಲ್ಲಿ ಶಾಯಿ ಹತ್ತುತ್ತದೆ. ತಿಳಿಗಪ್ಪು ಬೇಕೆಂದರೆ ಗೀರುಗಳನ್ನೇ ಒತ್ತೊತ್ತಾಗಿ ಕೊರೆಯಬೇಕು. ಕೆತ್ತಿದ ಗೆರೆ ಅಳಿಸುವಂತಿಲ್ಲ. ಯಾವುದನ್ನು ಬಿಡಬೇಕೆಂದು ಕಲಾವಿದ ಮೊದಲೇ ನಿರ್ಧರಿಸಬೇಕಾಗುತ್ತದೆ. ಉಳಿದದ್ದು ತಾನಾಗಿ ದೊಡ್ಡದಾಗುತ್ತದೆ. ವೈದ್ಯ ಎಂ. ಶಿವರಾಂ, ನಮ್ಮ ರಾಶಿ, 1942ರಲ್ಲಿ ಆರಂಭಿಸಿದ 'ಕೊರವಂಜಿ' ಹಾಸ್ಯಪತ್ರಿಕೆಯ ವ್ಯಂಗ್ಯಚಿತ್ರಗಳ ಬಲವೂ ಕಡಿಮೆ ಗೆರೆಗಳೇ. ಬೇಕೆಂದೇ ಒರಟಾಗುವುದು ಬಣ್ಣದ ಚಿತ್ರದಲ್ಲೂ ಉಂಟು: ಅಮೆರಿಕದ ಫಿಲಿಪ್ ಗಸ್ಟನ್ ನುರಿತ ಅಮೂರ್ತ ಕಲಾವಿದ. 1970ರಲ್ಲಿ ಆತ ದಪ್ಪ ಬೂಟು, ಸಿಗಾರು, ಮುಸುಕು ಹೊದ್ದ ಪೆದ್ದು ಆಕೃತಿಗಳನ್ನು ತೋರಿಸಿದಾಗ ವಿಮರ್ಶಕರು ಹರಿಹಾಯ್ದರು. ಆ ಮುಸುಕು ಕರಿಯರ ಮೇಲೆ ಹಿಂಸೆ ನಡೆಸಿದ ಕು ಕ್ಲುಕ್ಸ್ ಕ್ಲಾನ್‌ನದು. ನಾಜೂಕಾಗಿ ಬರೆದಿದ್ದರೆ ಆ ಹಿಂಸೆಗೆ ಇಲ್ಲದ ಘನತೆ ಬರುತ್ತಿತ್ತು.

ಒರಟು ಚಿತ್ರಕ್ಕೆ ಇನ್ನೊಂದು ಶಕ್ತಿಯಿದೆ: ಅದನ್ನು ಯಾರು ಬೇಕಾದರೂ ನಕಲು ಮಾಡಬಹುದು. 1831ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯದಲ್ಲಿ ಪತ್ರಿಕೆಯ ಒಡೆಯ ಶಾರ್ಲ್ ಫಿಲಿಪೋಂ, ದೊರೆ ಲೂಯಿ ಫಿಲಿಪ್‌ನ ಮುಖ ನಾಲ್ಕು ಹಂತಗಳಲ್ಲಿ ಪಿಯರ್ ಹಣ್ಣಾಗುವುದನ್ನು ಬರೆದು, ಇದರಲ್ಲಿ ಎಷ್ಟನೆಯದು ಅಪರಾಧ ಎಂದು ಕೇಳಿದ. ಆರು ತಿಂಗಳ ಸೆರೆಯಾಯಿತು. ಆದರೆ ನಾಲ್ಕನೆಯ ಚಿತ್ರ ಬರೀ ಪಿಯರ್, ಒಂದೆರಡು ಗೆರೆಯ ಕೆಲಸ. ಊರಿನ ಹುಡುಗರೆಲ್ಲ ಗೋಡೆಗಳ ಮೇಲೆ ಅದನ್ನೇ ಗೀಚತೊಡಗಿದರು. 1835ರಲ್ಲಿ ಫ್ರಾನ್ಸ್ ಸರ್ಕಾರ, ಅಚ್ಚಾಗುವ ಚಿತ್ರಗಳಿಗೆ ಮುಂಚಿತ ಅನುಮತಿಯನ್ನು ಮತ್ತೆ ಕಡ್ಡಾಯ ಮಾಡಿತು. ಪತ್ರಿಕೆಯ ಬರಹಕ್ಕೆ ಆ ಕಟ್ಟಳೆ ಇರಲಿಲ್ಲ.